ಸಾವಿರಕ್ಕೆ ಮಾರಿದ್ರೆ ಕೈಗೆ ಬರೋದು 976.40!

ಆಫೀಸ್ ಕೆಲಸದ ಜೊತೆಗೆ ನಾನು ಆನ್‌ಲೈನ್‌ನಲ್ಲಿ ಕಾಟನ್ ಸೀರೆ ಮಾರುತ್ತೇನೆ. ಸಾವಿರ ರೂಪಾಯಿಯ ಸೀರೆಯಲ್ಲಿ ನನಗೆ ಉಳಿಯೋದು 150. ಅದರಲ್ಲೂ ಪೇಮೆಂಟ್ ಗೇಟ್‌ವೇಗೆ ಪಾಲು ಕೊಡಬೇಕು. ಎಷ್ಟು ಅಂತ ಲೆಕ್ಕ ಹಾಕೋಣ ಬನ್ನಿ.

ಶುಲ್ಕ ಶೇ. 2 ಅಂದುಕೊಳ್ಳಿ, 20 ರೂಪಾಯಿ ಆಯ್ತು. ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿಯೂ ಬಿತ್ತು ಅಂದುಕೊಳ್ಳಿ, ಅಂದ್ರೆ 3.60. ಒಟ್ಟು 23.60. ಮಾರಾಟಕ್ಕೆ ಹೋಲಿಸಿದರೆ ಇದು ಚಿಲ್ಲರೆ ಕಾಸು. ಆದರೆ ನನ್ನ ಲಾಭದಲ್ಲಿ ಹೆಚ್ಚುಕಮ್ಮಿ ಆರನೇ ಒಂದು ಭಾಗ!

ಈ ದುಡ್ಡು ಒಬ್ಬರ ಜೇಬಿಗೆ ಹೋಗಲ್ಲ. ಕಾರ್ಡ್ ಕೊಟ್ಟ ಬ್ಯಾಂಕ್, ಕಾರ್ಡ್ ನೆಟ್‌ವರ್ಕ್, ಗೇಟ್‌ವೇ ಎಲ್ಲರೂ ಹಂಚಿಕೊಳ್ಳುತ್ತಾರೆ. ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗೆ 2020ರ ಜನವರಿಯಿಂದ ಎಂಡಿಆರ್, ಅಂದ್ರೆ ವ್ಯಾಪಾರಿ ಕೊಡಬೇಕಾದ ಶುಲ್ಕ, ಸೊನ್ನೆ. ಆದರೂ ಕೆಲವು ಗೇಟ್‌ವೇಗಳು ತಮ್ಮ ಸೇವೆಗೆ ಪ್ರತ್ಯೇಕ ಶುಲ್ಕ ಹಾಕುವುದುಂಟು. ಹಾಗಾಗಿ ದರಪಟ್ಟಿಯನ್ನು ಪೂರ್ತಿ ಓದಿ.

ನಾನು ಪಾಲಿಸುವ ಮೂರು ಸೂತ್ರಗಳು:

• ಪರಿಚಿತ ಗ್ರಾಹಕರಿಗೆ ಯುಪಿಐ ಕ್ಯೂಆರ್ ಕಳಿಸ್ತೀನಿ.

• ಪೂರ್ತಿ ಸಾವಿರ ಕೈಗೆ ಬರಬೇಕಂದ್ರೆ 1,000 ಅನ್ನು 0.9764ರಿಂದ ಭಾಗಿಸಿ ಬೆಲೆ ಇಡ್ತೀನಿ: ಸುಮಾರು 1,024.

• ಸೀರೆ ವಾಪಸ್ ಬಂದ್ರೆ ಶುಲ್ಕವೂ ವಾಪಸ್ ಸಿಗುತ್ತಾ ಅಂತ ಮೊದಲೇ ಕೇಳ್ತೀನಿ. ಎಷ್ಟೋ ಕಡೆ ಸಿಗಲ್ಲ.

ಜಿಎಸ್‌ಟಿ ನೋಂದಣಿ ಇದ್ದವರು ಆ 3.60ಕ್ಕೆ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು. ಕಾಂಪೊಸಿಷನ್ ಸ್ಕೀಮ್‌ನವರಿಗೆ ಮಾತ್ರ ಆ ಸೌಲಭ್ಯವಿಲ್ಲ. ಪ್ರತಿ ತಿಂಗಳ ಶುಲ್ಕದ ಇನ್‌ವಾಯ್ಸ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.