ತಣ್ಣನೆಯ ಧೂಮಕೇತುವಿನಲ್ಲಿ ಕ್ಷ-ಕಿರಣ

1996ರ ಮಾರ್ಚ್‌ನಲ್ಲಿ ಹ್ಯಾಕುಟಾಕೆ ಧೂಮಕೇತು ಭೂಮಿಯಿಂದ ಸುಮಾರು ಒಂದೂವರೆ ಕೋಟಿ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಜರ್ಮನಿಯ ರೋಸಾಟ್ ಉಪಗ್ರಹ ಅದರತ್ತ ಕಣ್ಣು ಹಾಯಿಸಿದಾಗ ಅಲ್ಲಿಂದ ಕ್ಷ-ಕಿರಣ ಬರುತ್ತಿರುವುದು ಗೊತ್ತಾಯಿತು. ಅದೂ ಸೂರ್ಯನ ಕಡೆಗಿನ ಮಗ್ಗುಲಲ್ಲಿ, ಬಾಲಚಂದ್ರನ ಆಕಾರದಲ್ಲಿ. ಕ್ಷ-ಕಿರಣ ಎಂದರೆ ಲಕ್ಷಗಟ್ಟಲೆ ಡಿಗ್ರಿ ಕಾವು ಎಂದು ನಾವು ಭಾವಿಸುತ್ತೇವೆ. ಧೂಮಕೇತುವೋ ಹಿಮ ಮತ್ತು ದೂಳಿನ ಗಡ್ಡೆ.

ಕಾವು ಧೂಮಕೇತುವಿನದಲ್ಲ, ಸೂರ್ಯನದು. 1997ರಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯದ ಥಾಮಸ್ ಕ್ರೇವನ್ಸ್ ಕೊಟ್ಟ ಈ ವಿವರಣೆಯೇ ನಿಂತಿತು. ಸೂರ್ಯನ ಹೊರಕವಚವಾದ ಕರೋನಾ ಹತ್ತು ಲಕ್ಷ ಡಿಗ್ರಿಗೂ ಮೀರಿ ಕಾದಿರುತ್ತದೆ. ಆ ಕಾವಿಗೆ ಪರಮಾಣುಗಳ ಎಲೆಕ್ಟ್ರಾನುಗಳು ಕಳಚಿಹೋಗುತ್ತವೆ. ಎಂಟು ಎಲೆಕ್ಟ್ರಾನುಗಳಿರಬೇಕಾದ ಆಕ್ಸಿಜನ್ನಿನಲ್ಲಿ ಕೆಲವೊಮ್ಮೆ ಒಂದೇ ಉಳಿದಿರುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಹೀಗೆ ಬರಿದಾದ ಅಯಾನು ಸೌರಮಾರುತದೊಡನೆ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ. ದಾರಿ ಬಹುಪಾಲು ಖಾಲಿ. ಧೂಮಕೇತುವಿನ ಸುತ್ತ ಹರಡಿರುವ ನೀರಾವಿಯ ಅಣು ಎದುರಾದರೆ ಅದರ ಒಂದು ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತದೆ. ಇದೇ ವಿದ್ಯುದಾವೇಶ ವಿನಿಮಯ. ಬಂದ ಎಲೆಕ್ಟ್ರಾನು ಮೊದಲು ಮೇಲಿನ ಕಕ್ಷೆಯಲ್ಲಿ ನೆಲೆಸಿ, ಅಟ್ಟದಿಂದ ಮೆಟ್ಟಿಲಿಳಿದಂತೆ ಕೆಳಗೆ ಬರುತ್ತದೆ. ತಳದ ಕಕ್ಷೆಗೆ ಇಳಿಯುವ ದೊಡ್ಡ ಹೆಜ್ಜೆಯಲ್ಲಿ ಹೊರಬೀಳುವ ಶಕ್ತಿಯೇ ಕ್ಷ-ಕಿರಣ.

ಎಲೆಕ್ಟ್ರಾನು ಕಳಚುವ ಆ ಕರೋನಾವನ್ನೇ ನೋಡುವ ಉಪಕರಣವೊಂದು ಬೆಂಗಳೂರು ಗ್ರಾಮಾಂತರದ ಹೊಸಕೋಟೆಯಲ್ಲಿ ಸಿದ್ಧವಾಯಿತು. ಅಲ್ಲಿನ ಕ್ರೆಸ್ಟ್ ಆವರಣದಲ್ಲಿ ಭಾರತೀಯ ತಾರಾ ಭೌತವಿಜ್ಞಾನ ಸಂಸ್ಥೆಯವರು ಜೋಡಿಸಿ, ಪರೀಕ್ಷಿಸಿದ ವಿಇಎಲ್‌ಸಿ ಎಂಬ ಕರೋನಾ ದರ್ಶಕ, 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆಯೊಡನೆ ಮೇಲೇರಿತು. ಅದು ಕ್ಷ-ಕಿರಣ ನೋಡುವುದಿಲ್ಲ. ಆದರೆ ಅದು ಅಳೆಯುವ 530.3 ನ್ಯಾನೋಮೀಟರಿನ ಹಸಿರು ಬೆಳಕು, 13 ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದ್ದು! ಹೊಸಕೋಟೆಯ ಹೆಸರು ನಮ್ಮ ಮಕ್ಕಳ ವಿಜ್ಞಾನ ಪಾಠದಲ್ಲಿ ಬರಲು ಇಷ್ಟು ಸಾಕು ಎಂದು ನನ್ನ ನಂಬಿಕೆ. ಅದೇ ನೌಕೆಯ ಆಸ್ಪೆಕ್ಸ್ ಉಪಕರಣ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಸೌರಮಾರುತದ ಅಯಾನುಗಳನ್ನು ಅಳೆಯುತ್ತದೆ.

ಆ ಅಳತೆ ಖಗೋಳಜ್ಞರಿಗೆ ಬೇಕೇಬೇಕು. ಭೂಮಿಯ ವಾತಾವರಣದ ಅಂಚಿನಲ್ಲೂ ತೆಳುವಾದ ಹೈಡ್ರೋಜನ್ ಹರಡಿದೆ. ಸೌರಮಾರುತ ಅಲ್ಲಿಯೂ ಎಲೆಕ್ಟ್ರಾನು ಕೀಳುತ್ತದೆ, ಅಲ್ಲಿಯೂ ಕ್ಷ-ಕಿರಣ ಹುಟ್ಟುತ್ತದೆ. 1990ರಲ್ಲಿ ಆಕಾಶವನ್ನೆಲ್ಲ ಜಾಲಾಡಲು ಹೊರಟ ರೋಸಾಟ್‌ನ ದಾಖಲೆಯಲ್ಲಿ ಏರಿ ಇಳಿಯುವ ವಿಚಿತ್ರ ಹೊಳಪೊಂದು ಸೇರಿಕೊಂಡಿತ್ತು. ಅದರ ಮೂಲ ಇದೇ ಎಂಬುದು ವರ್ಷಗಳ ನಂತರ ತಿಳಿಯಿತು. ದೂರದ ಗೆಲಾಕ್ಸಿಯ ಮಂದ ಕ್ಷ-ಕಿರಣವನ್ನು ಅಳೆಯುವವರು, ಆ ಹೊತ್ತಿಗೆ ಸೌರಮಾರುತ ಹೇಗಿತ್ತೆಂದು ನೋಡದೆ ತೀರ್ಮಾನಕ್ಕೆ ಬರುವಂತಿಲ್ಲ.