ಉದ್ದಕ್ಕೆ ಮೆದು, ಅಡ್ಡಕ್ಕೆ ಗಡುಸು

ನೀಲಿ ಕಯನೈಟ್ ಹರಳೊಂದು ಕೈಗೆ ಸಿಕ್ಕರೆ ಚಾಕುವಿನ ತುದಿಯಿಂದ ಅದರ ಉದ್ದಕ್ಕೆ ಒಂದು ಗೆರೆ ಎಳೆದು ನೋಡಿ. ಗೆರೆ ಸ್ಪಷ್ಟವಾಗಿ ಮೂಡುತ್ತದೆ. ಅದೇ ಚಾಕುವನ್ನು ಅದೇ ಹರಳಿನ ಅಡ್ಡಕ್ಕೆ ಎಳೆಯಿರಿ. ಚಾಕು ಜಾರುತ್ತದೆಯೇ ಹೊರತು ಗೀಚು ಬೀಳುವುದಿಲ್ಲ. ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಈ ಖನಿಜಕ್ಕೆ ಉದ್ದಕ್ಕೆ 4.5ರಿಂದ 5, ಅಡ್ಡಕ್ಕೆ 6.5ರಿಂದ 7 ಅಂಕ. ಮಾಮೂಲಿ ಚಾಕುವಿನ ಉಕ್ಕಿಗೆ ಸುಮಾರು 5.5. ಹಾಗಾಗಿ ಒಂದೇ ಕಲ್ಲು ಒಂದು ದಿಕ್ಕಿನಲ್ಲಿ ಚಾಕುವಿಗೆ ಸೋಲುತ್ತದೆ, ಇನ್ನೊಂದು ದಿಕ್ಕಿನಲ್ಲಿ ಗೆಲ್ಲುತ್ತದೆ.

ಇದನ್ನು ನೋಡಲು ದೂರದೂರಿಗೆ ಹೋಗಬೇಕಿಲ್ಲ. ಮೈಸೂರಿನಿಂದ ಎಚ್.ಡಿ. ಕೋಟೆ ದಾಟಿ ಕಾಕನಕೋಟೆ ಕಾಡಿನ ಕಡೆ ಹೋಗುವವರ ಕಣ್ಣೆಲ್ಲ ಆನೆ, ಹುಲಿಯ ಮೇಲೆ. ಹಳಬರಾದರೆ ಆನೆ ಹಿಡಿಯುತ್ತಿದ್ದ ಖೆಡ್ಡಾದ ಮಾತು ತೆಗೆಯುತ್ತಾರೆ. ಆ ಕಾಡಿನ ಮಗ್ಗುಲಲ್ಲೇ ಇರುವ ಸರಗೂರಿನ ಹೆಸರು ಹೊರದೇಶದ ಭೂವಿಜ್ಞಾನಿಗಳಿಗೂ ಪರಿಚಿತ, ಆದರೆ ಅದಕ್ಕೆ ಕಾರಣ ಆನೆಯಲ್ಲ, ಕಲ್ಲು. ದಕ್ಷಿಣ ಭಾರತದ ಅತಿ ಹಳೆಯ ಶಿಲಾಸಮೂಹಗಳಲ್ಲಿ ಒಂದಕ್ಕೆ ‘ಸರಗೂರು ಗುಂಪು’ ಎಂದೇ ಹೆಸರು. ಮೈಸೂರು ವಿಶ್ವವಿದ್ಯಾನಿಲಯದ ಎ.ಎಸ್. ಜನಾರ್ದನ್, ಸಿ. ಶ್ರೀಕಂಠಪ್ಪ ಮುಂತಾದವರು ಈ ಪ್ರದೇಶದ ಬಗ್ಗೆ 1978ರಲ್ಲಿ ಬರೆದ ಪ್ರಬಂಧವನ್ನು ಆರ್ಕಿಯನ್ ಯುಗದ ಶಿಲೆಗಳ ಅಧ್ಯಯನ ಮಾಡುವವರು ಇಂದಿಗೂ ತಿರುವಿ ನೋಡುತ್ತಾರೆ. ಇಲ್ಲಿನ ಪದರಶಿಲೆಗಳಲ್ಲಿ ಕಯನೈಟ್, ಗಾರ್ನೆಟ್, ಅಭ್ರಕ, ಗ್ರಾಫೈಟ್‌ಗಳಿವೆ. ಮೈಸೂರು ಜಿಲ್ಲೆಯ ಕೆಂಪು ಕುರುಂದವಂತೂ ಹರಳು ವ್ಯಾಪಾರಿಗಳಿಗೆ ಹಳೆಯ ಪರಿಚಯ. ಸಾಣೆ ಹಿಡಿದು ಗುಮ್ಮಟದಂತೆ ನಯಗೊಳಿಸಿದರೆ ಕೆಲವುಗಳಲ್ಲಿ ಆರು ಕಿರಣದ ನಕ್ಷತ್ರ ಕಾಣುತ್ತದೆ. ಕೆಂಪು ಬಣ್ಣ ಬರುವುದು ಅಲ್ಯುಮಿನಿಯಂ ಇರಬೇಕಾದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಕ್ರೋಮಿಯಂ ಪರಮಾಣು ಸೇರಿಕೊಂಡಿರುವುದರಿಂದ. ನಕ್ಷತ್ರ ಕಾಣುವುದು ಒಳಗೆ ಮೂರು ದಿಕ್ಕಿಗೆ ಸಾಲಾಗಿ ಮಲಗಿರುವ ಸೂಕ್ಷ್ಮ ಸೂಜಿಗಳಿಂದ.

ಕಲ್ಲಿನ ಹುಚ್ಚಿರುವ ಹುಡುಗ ಹುಡುಗಿಯರು ಎಲ್ಲ ಊರಿನಲ್ಲೂ ಇರುತ್ತಾರೆ. ಜೇಬು ತುಂಬ ಬೆಣಚುಕಲ್ಲು, ಕಾಗೆಬಂಗಾರ ತುಂಬಿಕೊಂಡು ಬಂದು ಮನೆಯಲ್ಲಿ ಬೈಸಿಕೊಳ್ಳುತ್ತಾರೆ. ಶಾಲೆಯಲ್ಲಾದರೆ ಕಲ್ಲುಗಳು ಗಾಜಿನ ಬೀರುವಿನೊಳಗೆ ಚೀಟಿ ಅಂಟಿಸಿಕೊಂಡು ಕುಳಿತಿರುತ್ತವೆ, ಮುಟ್ಟುವಂತಿಲ್ಲ. ಬರೀ ನೋಡಿ ಹೆಸರು ಹೇಳಿದರೆ ಅದು ಸಂಗ್ರಹದ ಹವ್ಯಾಸ. ‘ಉದ್ದಕ್ಕೆ ಯಾಕೆ ಗೀಚಿತು, ಅಡ್ಡಕ್ಕೆ ಯಾಕೆ ಗೀಚಲಿಲ್ಲ’ ಎಂದು ಕೇಳಿದ ಕೂಡಲೇ ಹರಳು ವಿಜ್ಞಾನ ಶುರುವಾಗುತ್ತದೆ.

ಉತ್ತರ ಇರುವುದು ಪರಮಾಣುಗಳ ಜೋಡಣೆಯಲ್ಲಿ. ಕಯನೈಟ್‌ನ ಒಳಗೆ ಅಲ್ಯುಮಿನಿಯಂ ಮತ್ತು ಆಮ್ಲಜನಕದ ಸರಪಣಿಗಳು ಹರಳಿನ ಉದ್ದಕ್ಕೆ ಸಾಗುತ್ತವೆ. ಉದ್ದಕ್ಕೆ ಗೀಚಿದಾಗ ಚಾಕುವಿನ ತುದಿ ಸರಪಣಿಗಳ ನಡುವೆ ನುಸುಳಿ ಹೋಗುತ್ತದೆ. ಅಡ್ಡಕ್ಕೆ ಗೀಚಬೇಕಾದರೆ ಸರಪಣಿಗಳನ್ನೇ ಕಡಿಯಬೇಕು.

ಸ್ವಾರಸ್ಯ ಇಷ್ಟಕ್ಕೇ ಮುಗಿಯುವುದಿಲ್ಲ. ಎರಡು ಪಾಲು ಅಲ್ಯುಮಿನಿಯಂ, ಒಂದು ಪಾಲು ಸಿಲಿಕಾನ್, ಐದು ಪಾಲು ಆಮ್ಲಜನಕ ಸೇರಿದರೆ ಕಯನೈಟ್. ಇದೇ ಲೆಕ್ಕದಲ್ಲಿ ಸಿಲ್ಲಿಮನೈಟ್ ಮತ್ತು ಆಂಡಲುಸೈಟ್ ಎಂಬ ಇನ್ನೆರಡು ಖನಿಜಗಳೂ ಆಗುತ್ತವೆ. ಸಾಮಗ್ರಿ ಒಂದೇ, ಜೋಡಿಸಿದ ರೀತಿ ಬೇರೆ. ಒತ್ತಡ ಹೆಚ್ಚಿರುವ ಆಳದಲ್ಲಿ ಪರಮಾಣುಗಳು ಒತ್ತೊತ್ತಾಗಿ ಕೂತು ಕಯನೈಟ್ ಆಗುತ್ತದೆ. ಅದರ ಸಾಂದ್ರತೆ ನೀರಿನ ಸುಮಾರು 3.6 ಪಟ್ಟು. ಶಾಖ ಹೆಚ್ಚಾದರೆ ಸಿಲ್ಲಿಮನೈಟ್, ಸುಮಾರು 3.2 ಪಟ್ಟು. ಒತ್ತಡ ಕಡಿಮೆಯಿರುವ ಕಡೆ ಆಂಡಲುಸೈಟ್. ಮೂರೂ ಒಟ್ಟಿಗೆ ಬಾಳಬಲ್ಲ ಬಿಂದು ಸುಮಾರು 500 ಡಿಗ್ರಿ ಸೆಲ್ಸಿಯಸ್ ಶಾಖ, ವಾತಾವರಣದ ಒತ್ತಡದ ಸುಮಾರು 4,000 ಪಟ್ಟು ಒತ್ತಡದ ಹತ್ತಿರದಲ್ಲಿದೆ. ಸರಗೂರಿನ ಶಿಲೆಗಳಲ್ಲಿ ಕಯನೈಟೂ ಇದೆ, ಸಿಲ್ಲಿಮನೈಟೂ ಇದೆ. ಒಂದು ಕಾಲಕ್ಕೆ ಕೆಸರಾಗಿದ್ದದ್ದು ಹತ್ತಾರು ಕಿಲೋಮೀಟರ್ ಆಳಕ್ಕೆ ಇಳಿದು, ಬೆಂದು, ಮತ್ತೆ ಮೇಲೆ ಬಂದಿದೆ ಎಂಬುದಕ್ಕೆ ಈ ಹರಳುಗಳೇ ಸಾಕ್ಷಿ.

ಆ ಕೆಸರಿನ ಕಣಗಳು ಎಷ್ಟು ಹಳೆಯವು? ಅದಕ್ಕೂ ಹರಳನ್ನೇ ಕೇಳಬೇಕು. ಜಿರ್ಕಾನ್ ಎಂಬ, ಮರಳಿನ ಕಣಕ್ಕಿಂತ ದೊಡ್ಡದಿರದ ಹರಳು ಹುಟ್ಟುವಾಗ ಯುರೇನಿಯಂಗೆ ಜಾಗ ಕೊಡುತ್ತದೆ, ಸೀಸವನ್ನು ಮಾತ್ರ ಹತ್ತಿರ ಸೇರಿಸುವುದಿಲ್ಲ. ಆಮೇಲೆ ಯುರೇನಿಯಂ ಗೊತ್ತಾದ ವೇಗದಲ್ಲಿ ಕ್ಷಯಿಸಿ ಸೀಸವಾಗುತ್ತದೆ. ಈಗ ಒಳಗೆ ಎಷ್ಟು ಯುರೇನಿಯಂ ಉಳಿದಿದೆ, ಎಷ್ಟು ಸೀಸವಿದೆ ಎಂದು ಅಳೆದರೆ ಹರಳಿನ ವಯಸ್ಸು ಸಿಕ್ಕಿತು. ಸರಗೂರು ಶಿಲೆಗಳ ಜಿರ್ಕಾನ್‌ಗಳನ್ನು ಹೀಗೆ ಅಳೆದ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಹಳೆಯ ಕಣಗಳ ವಯಸ್ಸು ಸುಮಾರು 358 ಕೋಟಿ ವರ್ಷ. ಭೂಮಿಯ ವಯಸ್ಸೇ ಸುಮಾರು 454 ಕೋಟಿ ವರ್ಷ.

ಹರಳಿನ ಒಳಗನ್ನು ಮೊದಲು ಬಿಡಿಸಿ ಓದಿದವನೂ ವಿದ್ಯಾರ್ಥಿಯೇ. 1912ರಲ್ಲಿ ಜರ್ಮನಿಯ ಲೌಅ ಮತ್ತು ಸಂಗಡಿಗರು ಹರಳಿನ ಮೂಲಕ ಎಕ್ಸ್-ಕಿರಣ ಹಾಯಿಸಿ ಚುಕ್ಕೆಗಳ ವಿನ್ಯಾಸ ಪಡೆದರು. ಆ ಚುಕ್ಕೆಗಳಿಂದ ಪರಮಾಣು ಪದರಗಳ ಅಂತರ ಲೆಕ್ಕ ಹಾಕುವ ಸೂತ್ರವನ್ನು ಅದೇ ವರ್ಷ ಕಂಡುಕೊಂಡ ಲಾರೆನ್ಸ್ ಬ್ರ್ಯಾಗ್‌ಗೆ ಆಗ 22 ವರ್ಷ. 1915ರಲ್ಲಿ ತಂದೆಯೊಂದಿಗೆ ನೊಬೆಲ್ ಹಂಚಿಕೊಂಡಾಗ 25.

ಈ ವಿದ್ಯೆ ಬ್ರ್ಯಾಗ್ ಓದುತ್ತಿದ್ದ ಕೇಂಬ್ರಿಜ್‌ನಲ್ಲೇ ಉಳಿಯಲಿಲ್ಲ, ಎಚ್.ಡಿ. ಕೋಟೆಗೆ ಬಸ್ಸಿನ ದೂರದಲ್ಲಿರುವ ಮೈಸೂರಿಗೂ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗವನ್ನು 1961ರಿಂದ ಕಟ್ಟಿದ ಎಸ್. ಚಂದ್ರಶೇಖರ್ ಮೊದಲಿಗೆ ಹರಳು ವಿಜ್ಞಾನಿ. ಸಿ.ವಿ. ರಾಮನ್ ಅವರ ಸಂಬಂಧಿಯೂ ಹೌದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದ ಮೇಲೆ ಅವರು ಮತ್ತು ಸಂಗಡಿಗರು ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗುತ್ತವೆ ಎಂದು 1977ರಲ್ಲಿ ತೋರಿಸಿದರು. ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಮಾಡುವ ತೆಳುಪದರಕ್ಕೆ ಇಂಥ ಅಣುಗಳು ಬಳಕೆಗೆ ಬಂದವು. ಮುಂದೆ ಮೈಸೂರಿನ ಕುಲಪತಿಯಾದ ಜೆ. ಶಶಿಧರ ಪ್ರಸಾದ್ ಕೂಡ ಹರಳು ವಿಜ್ಞಾನದವರೇ. ಇತ್ತ ಭೂವಿಜ್ಞಾನದ ಕಡೆಯಿಂದ ಬಂದ ಕೆ. ಬೈರಪ್ಪ ಅವರು ಹರಳು ಬೆಳೆಸುವುದರಲ್ಲಿ ಹೆಸರಾದರು. ಬಿಸಿ ನೀರು ಮತ್ತು ಭಾರೀ ಒತ್ತಡದಲ್ಲಿ ಹರಳು ಬೆಳೆಸುವ ವಿಧಾನದ ಬಗ್ಗೆ ಜಪಾನಿನ ಯೋಶಿಮುರಾ ಜೊತೆ ಅವರು ಬರೆದ ಕೈಪಿಡಿ 2001ರಲ್ಲಿ ಬಂತು. ಕೈಗಡಿಯಾರದಲ್ಲಿ ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕವನ್ನೂ ಇದೇ ವಿಧಾನದಲ್ಲಿ, ಉಕ್ಕಿನ ಹಂಡೆಯಂಥ ಪಾತ್ರೆಯಲ್ಲಿ 350 ಡಿಗ್ರಿ ಆಸುಪಾಸಿನ ಶಾಖದಲ್ಲಿ ವಾರಗಟ್ಟಲೆ ಬೆಳೆಸುತ್ತಾರೆ.

ಹಾಗಾಗಿ ಕಲ್ಲಿನ ಆಸೆಯಿರುವ ಪಿಯುಸಿ ವಿದ್ಯಾರ್ಥಿಗೆ ದಾರಿ ಒಂದಲ್ಲ, ಎರಡು. ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ತೆಗೆದುಕೊಂಡು, ಐಐಟಿಗಳ ‘ಜ್ಯಾಮ್’ ಪರೀಕ್ಷೆ ಬರೆದೋ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಸೇರಿಯೋ ಎಂ.ಎಸ್ಸಿ. ಮಾಡಬಹುದು. ಭೌತ, ರಸಾಯನ ವಿಜ್ಞಾನದ ಕಡೆಯಿಂದಲೂ ಹರಳಿಗೆ ಬರಬಹುದು. ಕಲ್ಲು ಇಷ್ಟ, ಗಣಿತ ಕಷ್ಟ ಎನ್ನುವವರಿಗೆ ನನ್ನ ಸಲಹೆ: ಗಣಿತ ಬಿಡಬೇಡಿ. ಸಮಮಿತಿ ಗೊತ್ತಿಲ್ಲದೆ ಈ ವಿದ್ಯೆಯಲ್ಲಿ ಬಹಳ ದೂರ ಹೋಗಲಾಗದು.

ಅಭ್ಯಾಸಕ್ಕೆ ಕಾಲೇಜು ಸೇರುವ ತನಕ ಕಾಯಬೇಕಿಲ್ಲ. ಚೆನ್ನಾಗಿ ಮುಖ ಮೂಡಿದ ಬೆಣಚಿನ ಹರಳಿಗೆ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಹಿಡಿಯಿರಿ. ಪಕ್ಕಪಕ್ಕದ ಕಂಬಮುಖಗಳ ನಡುವೆ 120 ಡಿಗ್ರಿ. ಹರಳು ಸಣ್ಣದಿರಲಿ, ದಪ್ಪವಿರಲಿ, ಸೊಟ್ಟಗಿರಲಿ, ಆ ಕೋನ ಬದಲಾಗುವುದಿಲ್ಲ. ಡೆನ್ಮಾರ್ಕಿನ ವಿಜ್ಞಾನಿ ಸ್ಟೆನೊ 1669ರಲ್ಲೇ ಇದನ್ನು ಗಮನಿಸಿದ್ದ.

ಕಲ್ಲು ಹುಡುಕಲು ಹೊರಡುವವರಿಗೆ ಇಷ್ಟು ನೆನಪಿರಲಿ. ಕಾಕನಕೋಟೆ ಈಗ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಕಾಡಿನೊಳಗಿಂದ ಒಂದು ಬೆಣಚುಕಲ್ಲನ್ನೂ ಎತ್ತಿಕೊಂಡು ಬರಬೇಡಿ. ಹೊಲದ ಬದು, ಬಾವಿ ತೋಡಿದ ಮಣ್ಣುಗುಡ್ಡೆ ಹುಡುಕಬಹುದು, ಹೊಲದವರನ್ನು ಕೇಳಿ. ಸಿಕ್ಕ ಕಲ್ಲಿನ ಮೇಲೆ ನಂಬರ್ ಬರೆದು, ಯಾವ ಊರು, ಯಾವ ಹೊಲ, ಯಾವ ತಾರೀಕು ಎಂದು ಅವತ್ತೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ. ಮುಂದೆ ಪ್ರಯೋಗಾಲಯಕ್ಕೆ ಒಯ್ದರೆ ಅಲ್ಲಿ ಮೊದಲು ಕೇಳುವುದು ಅದನ್ನೇ.