ಮಾಳಿಗೆಯ ತಂಪಿಗೊಂದು ಅಳತೆ

ಪತ್ತಿಕೊಂಡ, ಆದವಾನಿಗಳ ಸೀಮೆಯಲ್ಲಿ ವೈಶಾಖದ ಬಿಸಿಲು ಬಂಡೆಗಳನ್ನು ಕಾಯಿಸುವ ಹೊತ್ತಿನಲ್ಲಿ, ದಪ್ಪ ಕಲ್ಲುಗೋಡೆಗಳ ಮೇಲೆ ತೊಲೆ ಜಂತೆಗಳನ್ನು ಹಾಯಿಸಿ, ಮೇಲೆ ಸವುಳುಮಣ್ಣನ್ನು ಮೆತ್ತಿ ಕಟ್ಟಿದ ಹಳೆಯ ಮಾಳಿಗೆಮನೆಯನ್ನು ಹೊಕ್ಕವನಿಗೆ ದೊರೆಯುವ ತಂಪು ಕೇವಲ ಭಾವನೆಯದಲ್ಲ. ಅಂಕೆಗಳಲ್ಲಿ ಹಿಡಿದು ತೋರಿಸಬಹುದಾದುದು.

ಪದಾರ್ಥವೊಂದು ಉಷ್ಣವನ್ನು ಎಷ್ಟರಮಟ್ಟಿಗೆ ಹಾಯಗೊಡುವುದೆಂಬುದನ್ನರಿಯಲು, ಪ್ರಯೋಗಶಾಲೆಯಲ್ಲಿ ವಿದ್ಯುತ್ತಿನಿಂದ ಕಾಯುವ ಫಲಕವೊಂದರ ಇಕ್ಕೆಲಗಳಲ್ಲಿಯೂ ಆ ಪದಾರ್ಥದ ಸಮಾನವಾದ ಎರಡು ಹಲಗೆಗಳನ್ನಿರಿಸಿ, ಅವುಗಳ ಹೊರಮೈಗೆ ತಣ್ಣನೆಯ ಫಲಕಗಳನ್ನು ಒತ್ತಿಹಿಡಿಯುವರು. ಕಾವು ಅಂಚುಗಳಿಂದ ಸೋರಿಹೋದರೆ ಲೆಕ್ಕವೇ ಕೆಡುವುದರಿಂದ, ನಡುವಣ ಫಲಕವನ್ನು ಸುತ್ತುವರಿದು ಅಷ್ಟೇ ಬಿಸಿಯಾದ ಕಾವಲುಪಟ್ಟಿಯೊಂದಿರುತ್ತದೆ. ಈ ಉಪಕರಣದ ಚಾತುರ್ಯವೆಲ್ಲವೂ ಅಲ್ಲಿಯೇ ಅಡಗಿದೆ. ಉಷ್ಣತೆಗಳು ಸ್ಥಿರಗೊಂಡ ಬಳಿಕ, ವ್ಯಯವಾದ ವಿದ್ಯುತ್ತು, ಹಲಗೆಯ ವಿಸ್ತೀರ್ಣ, ದಪ್ಪ, ಇಬ್ಬದಿಯ ಉಷ್ಣತೆಯ ಅಂತರ ಇವುಗಳಿಂದ ಉಷ್ಣವಾಹಕತೆ ತಿಳಿಯುವುದು. ಮೀಟರಿಗೆ, ಡಿಗ್ರಿಗೆ ಇಷ್ಟು ವಾಟ್ ಎಂಬ ಲೆಕ್ಕದಲ್ಲಿ ಅದು ಹಸಿ ಇಟ್ಟಿಗೆಗೆ ಸುಮಾರು 0.75, ಸರಳು ಹಾಕಿದ ಕಾಂಕ್ರೀಟಿಗೆ 1.58, ಥರ್ಮೊಕೋಲಿಗೆ 0.035.

ದಪ್ಪವನ್ನು ವಾಹಕತೆಯಿಂದ ಭಾಗಿಸಿದರೆ ಉಷ್ಣರೋಧ. ಛಾವಣಿಯ ಎರಡು ಮೈಗಳಿಗಂಟಿದ ಗಾಳಿಪೊರೆಗಳ ರೋಧವನ್ನೂ ಕೂಡಿಸಿ, ಆ ಮೊತ್ತದಿಂದ ಒಂದನ್ನು ಭಾಗಿಸಿದರೆ ‘ಯು’ ಮೌಲ್ಯ. ಅದು ಕಡಿಮೆಯಾದಷ್ಟೂ ಒಳಗೆ ಇಳಿಯುವ ಕಾವು ಕಡಿಮೆ. 10 ಸೆಂ.ಮೀ. ಕಾಂಕ್ರೀಟಿಗೆ ಇದು ಸುಮಾರು 3.7, ಹಸಿ ಇಟ್ಟಿಗೆಯಂತಹ 30 ಸೆಂ.ಮೀ. ಮಣ್ಣಿಗೆ 1.6. ವಸತಿಗೃಹದ ಛಾವಣಿಗೆ ಇದು 1.2ನ್ನು ಮೀರಲಾಗದೆಂಬುದು 2018ರ ‘ಇಕೊ ನಿವಾಸ್ ಸಂಹಿತಾ’ ಎಂಬ ವಸತಿಕಟ್ಟಡಗಳ ಇಂಧನ ನಿಯಮಾವಳಿ ವಿಧಿಸಿದ ಮಿತಿ.

ಹಾಗಾದರೆ ಮಣ್ಣಿನ ಮಾಳಿಗೆಯೂ ಈ ಪರೀಕ್ಷೆಯಲ್ಲಿ ಸೋತಂತೆಯೇ? ‘ಯು’ ಮೌಲ್ಯವೊಂದನ್ನೇ ನಂಬಿದರೆ ಅದಕ್ಕೆ ಅನ್ಯಾಯವಾದೀತೆಂದು ನನ್ನ ದೃಢವಾದ ಅಭಿಪ್ರಾಯ; ಏಕೆಂದರೆ ಆ ಅಂಕೆಯು ಸ್ಥಿರವಾದ ಉಷ್ಣಪ್ರವಾಹವನ್ನು ಊಹಿಸಿಕೊಳ್ಳುವುದು, ಸೂರ್ಯನೋ ಮೂಡಿ ಮುಳುಗುವವನು. ಹಗಲಿನ ಕಾವು ಅಲೆಯಂತೆ ಮಣ್ಣಿನೊಳಗೆ ಇಳಿಯುತ್ತ, ಪದರ ಪದರವನ್ನೂ ಕಾಯಿಸುತ್ತ ತಾನು ಕ್ಷೀಣಿಸುವುದು. ಸಾಂದ್ರತೆ, ವಿಶಿಷ್ಟೋಷ್ಣ, ವಾಹಕತೆಗಳನ್ನು ಸೇರಿಸಿ ಗಣಿಸಿದರೆ, 30 ಸೆಂ.ಮೀ. ಮಣ್ಣನ್ನು ದಾಟಲು ಆ ಅಲೆಗೆ ಹತ್ತಿರ ಹತ್ತಿರ 10 ಗಂಟೆ ಬೇಕು. ದಾಟುವಷ್ಟರಲ್ಲಿ ಅದರ ಏರಿಳಿತ ಹತ್ತರಲ್ಲೊಂದು ಪಾಲಿಗೂ ಕಡಿಮೆಯಾಗಿರುತ್ತದೆ. 10 ಸೆಂ.ಮೀ. ಕಾಂಕ್ರೀಟನ್ನು ಅದು ಎರಡೂವರೆ ಗಂಟೆಯಲ್ಲಿ ದಾಟಿ, ಅರ್ಧದಷ್ಟು ಬಲವನ್ನುಳಿಸಿಕೊಂಡೇ ಕೋಣೆಗೆ ಇಳಿಯುವುದು. ಮಧ್ಯಾಹ್ನದ ಕಾವು ಮಾಳಿಗೆಮನೆಯೊಳಗೆ ಕಾಲಿಡುವುದು ರಾತ್ರಿ ಹನ್ನೊಂದರ ಸುಮಾರಿಗೆ; ಆಗ ಜನರು ಮಾಳಿಗೆಯ ಮೇಲೆಯೇ ಹಾಸಿ ಮಲಗಿರುವರು.

ಕಾಂಕ್ರೀಟಿನ ಛಾವಣಿಯನ್ನೂ ಆ ಮಿತಿಯೊಳಗೆ ತರುವ ದಾರಿಯುಂಟು: ಅದರ ಹೊರಮೈಗೆ 5 ಸೆಂ.ಮೀ. ಥರ್ಮೊಕೋಲನ್ನು ಹಾಸಿ, ನೀರು ಬಿಸಿಲುಗಳು ತಾಗದಂತೆ ಮುಚ್ಚಿದರೆ, ‘ಯು’ ಮೌಲ್ಯ 0.6ರ ಸಮೀಪಕ್ಕೆ ಇಳಿಯುವುದು. ಅದನ್ನು ಒಳಮೈಗೆ ಅಂಟಿಸಿದರೂ ಈ ಅಂಕೆ ಬದಲಾಗದು. ಆದರೆ ಕಾಂಕ್ರೀಟು ಆಗ ನೇರ ಬಿಸಿಲಿಗೆ ಕಾಯುತ್ತಲೇ ಇರುವುದು.